ಅಜ್ಜಿ ಪೆಟ್ಟಿಗೆಯ ಹಳೆ ನಾಣ್ಯಕ್ಕೆ ನಿಜವಾಗಿ ಬೆಲೆ ಎಷ್ಟು? ತೊಳೆದು ಫೋಟೋ ಹಾಕ್ಬೇಕಾ?

ಮೊದ್ಲು ತೊಳೆಯೋ ವಿಷ್ಯ ಹೇಳ್ಬಿಡ್ತೀನಿ. ದಯವಿಟ್ಟು ತೊಳೀಬೇಡಿ. ಹುಣಸೆಹಣ್ಣು, ವಿಭೂತಿ, ಪಾತ್ರೆ ಪುಡಿ, ಟೂತ್‌ಪೇಸ್ಟ್ ಯಾವುದೂ ಬೇಡ. ನಮ್ಮ ಮನೆಗಳಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಸದ ಜೊತೆ ಇಡೋ ಬೆಳ್ಳಿ ರೂಪಾಯಿನ ವರ್ಷ ವರ್ಷ ತಿಕ್ಕಿ ತಿಕ್ಕಿ ರಾಣಿ ಮೂಗೇ ಹೋಗಿರುತ್ತೆ, ನೋಡೋಕೆ ಫಳಫಳ ಅಂತ ಇರುತ್ತೆ ಆದ್ರೆ ಸಂಗ್ರಾಹಕರು ಅದನ್ನ ಕೈಗೆ ತಗೊಂಡ ತಕ್ಷಣ ಪಕ್ಕಕ್ಕಿಡ್ತಾರೆ. ಕಪ್ಪಗಾದ ಬೆಳ್ಳಿ ಹಾಳಾದ ಬೆಳ್ಳಿ ಅಲ್ಲ, ಆ ಬಣ್ಣ ಬರೋಕೆ ದಶಕಗಳು ಬೇಕು, ತೆಗೆಯೋಕೆ ಎರಡು ನಿಮಿಷ ಸಾಕು. ಅರಿಶಿನ ಕುಂಕುಮ ಅಂಟಿದ್ರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿಟ್ಟು ಮೆತ್ತಗಿನ ಬಟ್ಟೆಲಿ ಒತ್ತಿ ತೆಗೀರಿ, ಉಜ್ಜಬೇಡಿ.

ಈಗ ನೀವು ಬರೆದಿರೋ ನಾಣ್ಯಗಳಿಗೆ ಬರೋಣ. ವಿಕ್ಟೋರಿಯಾ ರೂಪಾಯಿ ಕೆಲವು, ಜಾರ್ಜ್ ರಾಜಂದು ಕೆಲವು, ರಾಮ ಸೀತೆ ಇರೋ 1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯ ಒಂದು, ಒಂದಿಷ್ಟು ಆನೆ ಕಾಸು (ಆನೆ ಚಿತ್ರ ಇರೋ ಹಳೇ ಮೈಸೂರಿನ ತಾಮ್ರದ ಕಾಸು), ಮತ್ತೆ ವಾಟ್ಸಾಪಲ್ಲಿ ಯಾರೋ ಆ ರಾಮನ ನಾಣ್ಯಕ್ಕೆ ಲಕ್ಷಗಟ್ಟಲೆ ಸಿಗುತ್ತೆ ಅಂದಿದ್ದಾರೆ.

ಬೇಜಾರ್ ಮಾಡ್ಕೋಬೇಡಿ, ರಾಮನ ನಾಣ್ಯ ಚಲಾವಣೆಯ ನಾಣ್ಯವೇ ಅಲ್ಲ. ಕಂಪನಿಯವರು ಮದ್ರಾಸ್ ಕಡೆ ಹೊಡೆಸಿದ ಸಣ್ಣ ಚಿನ್ನದ ವರಾಹಗಳಲ್ಲಿ ದೇವರ ಚಿತ್ರ ಇದ್ದಿದ್ದು ನಿಜ, ಆದ್ರೆ 1818 ಅಂತ ಇಸವಿ ಹಾಕಿ ರಾಮ ಪಟ್ಟಾಭಿಷೇಕ ಇರೋ ಹಾಫ್ ಅಣಾನ ಅವರು ಯಾವತ್ತೂ ಹೊರಡಿಸಿಲ್ಲ. ಆಮೇಲೆ ಯಾರೋ ಮಾಡಿ ಯಾತ್ರಾಸ್ಥಳಗಳಲ್ಲಿ ಮಾರಿದ್ದು. ದೇವರ ಮನೇಲಿಡಿ, ಮಾರೋಕೆ ಓಡಾಡಬೇಡಿ. ಅದನ್ನ ಲಕ್ಷಕ್ಕೆ ಕೊಂಡ್ಕೋತೀನಿ ಅನ್ನೋರು ಆಮೇಲೆ ರಿಜಿಸ್ಟ್ರೇಷನ್ ಫೀ, ಜಿಎಸ್‌ಟಿ, ಆರ್‌ಬಿಐ ಪರ್ಮಿಷನ್ ಅಂತ ನಿಮ್ಮ ಹತ್ರಾನೇ ದುಡ್ಡು ಕೇಳ್ತಾರೆ. ಹಳೆ ನೋಟು ನಾಣ್ಯದ ವ್ಯವಹಾರಕ್ಕೆ ನಾವು ಯಾವ ಕಮಿಷನ್ನೂ ತಗೊಳಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟಲ್ಲಿ ಪ್ರಕಟಣೆ ಕೊಟ್ಟಿತ್ತು. ವೈಷ್ಣೋದೇವಿ ಚಿತ್ರದ 5 ರೂಪಾಯಿ ನಾಣ್ಯಕ್ಕೆ ಲಕ್ಷ ಅನ್ನೋದೂ ಇದೇ ಗುಂಪಿನ ಕಥೆ.

ಬೆಳ್ಳಿ ರೂಪಾಯಿನೇ ನಿಮ್ಮ ಗಟ್ಟಿ ಆಸ್ತಿ. 1835ರಿಂದ ಎರಡನೇ ಮಹಾಯುದ್ಧ ಶುರುವಾಗೋ ತನಕ ರೂಪಾಯಿ ತೂಕ 11.66 ಗ್ರಾಂ, ಬೆಳ್ಳಿ ನೂರಕ್ಕೆ 91.7, ಅಂದ್ರೆ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ. ಇವತ್ತಿನ ಬೆಳ್ಳಿ ರೇಟಿಗೆ ಗುಣಿಸಿದ್ರೆ ಅದೇ ತಳದ ಬೆಲೆ, ಅದಕ್ಕಿಂತ ಕಮ್ಮಿಗೆ ಯಾರಿಗೂ ಕೊಡಬೇಡಿ. 1940ರಿಂದ ಬೆಳ್ಳಿ ಅರ್ಧಕ್ಕಿಳೀತು, 1947ರ ಹುಲಿ ಇರೋ ರೂಪಾಯಿ ಪೂರ್ತಿ ನಿಕಲ್, ಅದಕ್ಕೆ ಮ್ಯಾಗ್ನೆಟ್ ಅಂಟ್ಕೊಳುತ್ತೆ. ವಿಕ್ಟೋರಿಯಾ ರೂಪಾಯಿಗೆ ಅಂಟ್ಕೊಂಡ್ರೆ ಮಾತ್ರ ನಕಲಿ ಅಂತ ಖಾತ್ರಿ. ಅಂಟ್ಕೊಳ್ದೇ ಇದ್ರೆ ಅಸಲಿ ಅಂತ ಅರ್ಥ ಅಲ್ಲ ಮತ್ತೆ, ಅದಕ್ಕೇ ತೂಕಾನೂ ನೋಡ್ಬೇಕು, ಅಂಚಿನ ಗೆರೆಗಳೂ ನೋಡ್ಬೇಕು. ಎರಕ ಹೊಯ್ದ ನಕಲಿಯಲ್ಲಿ ಅಕ್ಷರದ ಅಂಚು ಮೊಂಡಾಗಿರುತ್ತೆ, ಮೇಲೆ ಸೂಜಿಮೊನೆ ಥರ ಗುಳಿಗಳಿರುತ್ತೆ.

ತಳದ ಬೆಲೆ ಮೇಲೆ ಎಷ್ಟು ಅನ್ನೋದು ಇಸವಿ, ಟಂಕಸಾಲೆ (ನಾಣ್ಯ ಹೊಡೆದ ಜಾಗ), ಸವೆತ ಈ ಮೂರರ ಮೇಲೆ ನಿಂತಿದೆ, ಹಳೇದಾದಷ್ಟೂ ಬೆಲೆ ಅನ್ನೋದು ಸುಳ್ಳು. 1862ರ ರೂಪಾಯಿ ಎಲ್ಲರ ಮನೇಲೂ ಯಾಕಿದೆ ಅಂದ್ರೆ ಮುಂದೆ ಹತ್ತು ವರ್ಷಕ್ಕೂ ಮೇಲೆ ಅದೇ ಇಸವಿ ಇಟ್ಕೊಂಡೇ ಹೊಡೆದಿದ್ರು. ಅದೇ 1911ರ ಜಾರ್ಜ್ ರೂಪಾಯಿ ನೋಡಿ, ರಾಜನ ನಿಲುವಂಗಿ ಮೇಲಿನ ಸರದಲ್ಲಿದ್ದ ಆನೆ ಹಂದಿ ಥರ ಕಾಣ್ತಿದೆ ಅಂತ ಗಲಾಟೆಯಾಗಿ ವಾಪಸ್ ತಗೊಂಡ್ರು, 1912ರಲ್ಲಿ ಸೊಂಡಿಲು ತಿದ್ದಿ ಹೊಸ ಅಚ್ಚು ಬಂತು, ಅದಕ್ಕೇ 1911ಕ್ಕೆ ಜನ ಹುಡುಕಾಡ್ತಾರೆ. 1939ರ ರೂಪಾಯಿ ಇನ್ನೂ ಅಪರೂಪ, ಹಾಗಾಗಿ ಇಸವಿಯ ಅಂಕಿ ಕೆತ್ತಿ ತಿದ್ದಿ ಮಾರೋರೂ ಇದ್ದಾರೆ, ಕೊನೆಯ 9ನ ಭೂತಗನ್ನಡಿ ಇಟ್ಟು ನೋಡಿ.

ಸವೆತ ನೋಡೋದು ಕಲಿತ್ರೆ ಅರ್ಧ ವಿದ್ಯೆ ಬಂದ ಹಾಗೆ. ನಾಣ್ಯದಲ್ಲಿ ಎತ್ತರ ಇರೋ ಜಾಗ ಮೊದ್ಲು ಸವೆಯೋದು, ವಿಕ್ಟೋರಿಯಾದಲ್ಲಿ ಕಿವಿ ಮೇಲಿನ ಕೂದಲು, ಕೆನ್ನೆ, ಕಿರೀಟದ ಮಣಿಗಳು, ಆಮೇಲೆ ಎದೆ ಮೇಲಿನ ಕಸೂತಿ. ಕೂದಲು ಎಳೆಎಳೆಯಾಗಿ ಕಾಣ್ತಿದ್ರೆ ಒಳ್ಳೇದು, ಕಸೂತಿ ಪೂರ್ತಿ ನುಣ್ಣಗಾಗಿ ಮುಖದ ಆಕಾರ ಮಾತ್ರ ಉಳಿದಿದ್ರೆ ಬೆಳ್ಳಿ ರೇಟು, ಅಷ್ಟೇ. ಚಲಾವಣೆಗೇ ಹೋಗದ ನಾಣ್ಯನ ದೀಪದ ಕೆಳಗೆ ಓರೆಯಾಗಿ ಹಿಡಿದು ತಿರುಗಿಸಿದ್ರೆ ಹೊಳಪು ಗಿರಗಿಟ್ಲೆ ಥರ ಸುತ್ತುತ್ತೆ. ಪಾಲಿಶ್ ಮಾಡಿದ್ದು ಹಾಗೆ ಸುತ್ತಲ್ಲ, ಎಲ್ಲಾ ಕಡೆ ಒಂದೇ ಥರ ಬೆಳ್ಳಗೆ ಮಿಂಚುತ್ತೆ. ಇದನ್ನ ಬರೆದು ಹೇಳೋದು ಕಷ್ಟ, ಎರಡನ್ನೂ ಪಕ್ಕಪಕ್ಕ ಇಟ್ಟು ಒಂದ್ಸಲ ನೋಡಿದ್ರೆ ಮರೆಯಲ್ಲ. ಕಾಸಿನ ಸರಕ್ಕೆ ಕೊಂಡಿ ಬೆಸೆದಿದ್ದು, ತೂತು ಹಾಕಿದ್ದು ಇದ್ರೆ ಎಷ್ಟೇ ಅಪರೂಪದ ಇಸವಿಯಾದ್ರೂ ಬೆಲೆ ದಬ್ ಅಂತ ಬೀಳುತ್ತೆ.

ಆನೆ ಕಾಸಿಗೆ ಮಾತ್ರ ಈ ಲೆಕ್ಕ ಹಾಕಬೇಡಿ. ಅವು ಕೈಯಲ್ಲಿ ಹೊಡೆದ ತಾಮ್ರ, ಅಚ್ಚು ಒಂದು ಕಡೆ ವಾಲಿರೋದು, ಆನೆ ಬಾಲ ಹೊರಗೆ ಹೋಗಿರೋದು ಮಾಮೂಲಿ. ಆನೆ ಮೇಲೆ ಸೂರ್ಯ ಚಂದ್ರ, ಕನ್ನಡದ ಶ್ರೀ ಇದ್ರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಪರ್ಷಿಯನ್ ಅಕ್ಷರ ಇದ್ರೆ ಹೆಚ್ಚಾಗಿ ಟಿಪ್ಪುದು, ಅದರ ಹಿಂದೆ ಟಂಕಸಾಲೆ ಹೆಸರಿರುತ್ತೆ, ಅದು ಓದೋಕೆ ಬಂದ್ರೇನೇ ಬೆಲೆ. ಪಟ್ಟಣ ಅಂದ್ರೆ ನಮ್ಮ ಶ್ರೀರಂಗಪಟ್ಟಣ, ಅದರದ್ದು ಬೇಕಾದಷ್ಟು ಸಿಗುತ್ತೆ, ಕೆಲವು ಸಣ್ಣ ಟಂಕಸಾಲೆಗಳದ್ದಕ್ಕೆ ಬೇಡಿಕೆ ಜಾಸ್ತಿ. ಟಿಪ್ಪು ಆಮೇಲೆ ತಂದ ಮೌಲೂದಿ ಅನ್ನೋ ಕಾಲಗಣನೆಯ ಇಸವಿನ ಬಲದಿಂದ ಎಡಕ್ಕೆ ಓದ್ಬೇಕು, 1224 ಅನ್ನೋದು 4221 ಅಂತ ಕಾಣುತ್ತೆ, ಗಾಬರಿಯಾಗಬೇಡಿ.

ಬೆಲೆ ಹುಡುಕುವಾಗ ಆನ್‌ಲೈನಲ್ಲಿ ಜನ ಕೇಳ್ತಿರೋ ರೇಟ್ ನೋಡ್ಬೇಡಿ, ಕೇಳೋಕೇನು ಯಾರು ಏನು ಬೇಕಾದ್ರೂ ಕೇಳ್ತಾರೆ. ಹರಾಜು ಸಂಸ್ಥೆಗಳ ಸೈಟಲ್ಲಿ ಮುಗಿದ ಹರಾಜಿನಲ್ಲಿ ಎಷ್ಟಕ್ಕೆ ಹೋಯ್ತು ಅಂತ ಇರುತ್ತೆ, ಅದನ್ನ ನೋಡಿ, ಅದರಲ್ಲೂ ನಿಮ್ಮ ನಾಣ್ಯದಷ್ಟೇ ಸವೆದಿರೋದನ್ನ ಹೋಲಿಸಿ. ಡೀಲರ್ ಅದಕ್ಕಿಂತ ಕಮ್ಮಿನೇ ಕೊಡೋದು, ಅವರ ಲಾಭ ಅವರು ನೋಡ್ಕೋಬೇಕಲ್ಲ. ನೂರು ವರ್ಷ ದಾಟಿದ ನಾಣ್ಯನ ವಿದೇಶದ ಯಾರಿಗೋ ಪೋಸ್ಟ್ ಮಾಡೋಕೆ ಹೋಗ್ಬೇಡಿ, 1972ರ ಕಾಯ್ದೆ ಪ್ರಕಾರ ಅದು ಪುರಾತನ ವಸ್ತು, ದೇಶದಿಂದಾಚೆ ಕಳಿಸೋ ಹಾಗಿಲ್ಲ.

ಸದ್ಯಕ್ಕೆ ಜಾರ್ಜ್ ರೂಪಾಯಿಗಳ ಇಸವಿ ಎಲ್ಲಾ ಬರೆದು ಹಾಕಿ. ಆನೆ ಕಾಸಿನದ್ದು ಕಿಟಕಿ ಬೆಳಕಲ್ಲಿ ಫ್ಲ್ಯಾಶ್ ಇಲ್ದೆ ಎರಡೂ ಕಡೆ ಫೋಟೋ ತೆಗೆದು ಹಾಕಿದ್ರೆ ಯಾವ ಟಂಕಸಾಲೆ ಅಂತ ನೋಡಿ ಹೇಳ್ತೀನಿ.