ಫಿಸಿಯೋಥೆರಪಿಯಲ್ಲಿ ಏನು ಆಗ್ಬೇಕು ಅಂತ ಪೇಷಂಟ್ ಹತ್ರ ಕೇಳುವುದು ಯಾಕೆ?

ನಿಮ್ಮ ಅಮ್ಮನಿಗೆ ಮೊಣಗಂಟು ಬದಲಿಸುವ ಆಪರೇಷನ್ ಆಗಿದೆ. ಫಿಸಿಯೋಥೆರಪಿಸ್ಟ್ ಮೊದಲ ದಿನವೇ "ನಿಮಗೆ ಏನೆಲ್ಲ ಮಾಡ್ಲಿಕ್ಕೆ ಆಗ್ಬೇಕು?" ಅಂತ ಕೇಳಿದ್ದಾರೆ. ಅಮ್ಮ "ನೋವು ಹೋದ್ರೆ ಸಾಕು" ಅಂದಿದ್ದಾರೆ. ಕಲಿತವರು ಫಿಸಿಯೋಥೆರಪಿಸ್ಟ್, ಗುರಿಯನ್ನು ಅವರೇ ಹೇಳ್ಬಾರ್ದಾ ಅನ್ನುವುದು ನಿಮ್ಮ ಪ್ರಶ್ನೆ.

ನಾನು ಮಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತೇನೆ. ಅವರು ಕೇಳಿದ್ದು ಸರಿ ಇದೆ. ಯಾಕೆಂದರೆ ಅಮ್ಮ ಏನು ಹೇಳುತ್ತಾರೆ ಅನ್ನುವುದರ ಮೇಲೆ ಮಾಡಿಸುವ ವ್ಯಾಯಾಮವೇ ಬದಲಾಗುತ್ತದೆ. ಸಮತಟ್ಟಾದ ನೆಲದಲ್ಲಿ ನಡೆಯಲು ಮೊಣಕಾಲು ಸುಮಾರು 65-70 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲಿಗೆ 90ರ ಆಸುಪಾಸು ಬೇಕು. ತಗ್ಗಿನ ಕುರ್ಚಿಯಿಂದ ಏಳಲು ಇನ್ನೂ ಜಾಸ್ತಿ. ಮನೆಯೊಳಗೆ ಓಡಾಡಿದರೆ ಸಾಕು ಅನ್ನುವವರಿಗೂ ದಿನಾ ಬಸ್ ಹತ್ತಬೇಕಾದವರಿಗೂ ಒಂದೇ ಪಟ್ಟಿ ಕೊಟ್ಟರೆ ಒಬ್ಬರಿಗೆ ಅದು ಹೊರೆ, ಇನ್ನೊಬ್ಬರಿಗೆ ಸಾಲದು.

"ನೋವು ಹೋಗ್ಬೇಕು" ಎಂಬುದು ನಿಜವೇ. ಆದರೆ ನಾಳೆ ಬೆಳಿಗ್ಗೆ ಏನು ಅಭ್ಯಾಸ ಮಾಡಿಸಬೇಕು ಅಂತ ಅದರಿಂದ ಗೊತ್ತಾಗುವುದಿಲ್ಲ. ಹಾಗಾಗಿ ನಾನು ಪ್ರಶ್ನೆ ತಿರುಗಿಸಿ ಕೇಳುತ್ತೇನೆ: "ಅಮ್ಮಾ, ಈ ಕಾಲು ನೋವು ಇಲ್ಲದಿದ್ರೆ ಇವತ್ತು ಬೆಳಿಗ್ಗೆಯಿಂದ ಏನೆಲ್ಲ ಮಾಡ್ತಿದ್ರಿ?" ಆಮೇಲೆ ಸುಮ್ನೆ ಕೂರಬೇಕು. ಇದೇ ಕಷ್ಟದ ಭಾಗ. ಹೊರಗೆ ಹತ್ತು ಜನ ಕಾಯುತ್ತಿರುತ್ತಾರಲ್ವಾ!

ಇದೇ ಆಪರೇಷನ್ ಆದ, ಉಳ್ಳಾಲದ ಕಡೆಯ ಒಬ್ಬರು ಅಕ್ಕ ಬರುತ್ತಿದ್ದರು. ಮನೆಯಲ್ಲೇ ಬೀಡಿ ಕಟ್ಟುವವರು. ಅವರದ್ದೂ ಮೊದಲು "ನೋವು ಹೋದ್ರೆ ಸಾಕು" ಅಂತಲೇ. ಈ ಪ್ರಶ್ನೆ ಕೇಳಿದ ಮೇಲೆ ಒಂದೊಂದಾಗಿ ಹೊರಗೆ ಬಂತು. ಕಟ್ಟಿದ ಬೀಡಿಯನ್ನು ಬ್ರಾಂಚಿಗೆ, ಅಂದರೆ ಬೀಡಿ ತೆಗೆದುಕೊಂಡು ಎಲೆ ಕೊಡುವ ಜಾಗಕ್ಕೆ, ಕೊಂಡುಹೋಗುವುದು ಈಗ ಸೊಸೆ. ಅಲ್ಲಿ ಲೆಕ್ಕ ನೋಡುವುದು, ಎಲೆ ಆರಿಸಿ ತರುವುದು, ನಾಲ್ಕು ಜನರ ಹತ್ರ ಮಾತಾಡುವುದು ಎಲ್ಲ ತಪ್ಪಿಹೋಗಿದೆ. ಅವರಿಗೆ ತಾನೇ ಹೋಗಬೇಕು. ಹೋಗಲು ಸಿಟಿ ಬಸ್. ನಮ್ಮ ಬಸ್ಸಿನ ಫುಟ್‌ಬೋರ್ಡ್ ಎಷ್ಟು ಎತ್ತರ, ಕಾಲಿಟ್ಟ ಕೂಡಲೇ ಹೇಗೆ ಹೊರಡುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಅಲ್ಲಿಂದ ನಮ್ಮ ಕೆಲಸ ಸ್ಪಷ್ಟವಾಯಿತು. ತಗ್ಗಿನ ಹಲಗೆ ಹತ್ತಿ ಇಳಿಯುವುದರಿಂದ ಶುರು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ತೊಡೆಗೆ ಬಲ ಬಂದ ಹಾಗೆ ಹಲಗೆಯ ಎತ್ತರ ಏರಿಸಿದೆವು. ಆಮೇಲೆ ಒಂದೇ ಕೈಯಲ್ಲಿ ಸರಳು ಹಿಡಿದು, ಇನ್ನೊಂದು ಕೈಯಲ್ಲಿ ಚೀಲ. ಮೊದಲು "ಮನೆಯಲ್ಲಿ ಮಾಡ್ಲಿಕ್ಕೆ ಪುರ್ಸೊತ್ತಿಲ್ಲ" ಅನ್ನುತ್ತಿದ್ದವರು ಈಗ ಹೇಳದೆಯೇ ಮಾಡುತ್ತಿದ್ದರು.

ಹಾಗಂತ ಪೇಷಂಟ್ ಕೇಳಿದ್ದೆಲ್ಲ ಆಗುತ್ತದೆ ಅಂತಲ್ಲ. ಅದೇ ಅಕ್ಕನಿಗೆ ಮೊದಲಿನ ಹಾಗೆ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಬೀಡಿ ಕಟ್ಟಬೇಕಿತ್ತು. ಅವರ ಸರ್ಜನ್ ಅದು ಬೇಡ ಅಂದಿದ್ದರು. ನಾನು ನೇರ ಹೇಳಿದೆ. ಅವರಿಗೆ ಬೇಜಾರಾಯಿತು. ಮಾತಾಡಿ ಮಾತಾಡಿ, ಕುರ್ಚಿಯಲ್ಲಿ ಕೂತು ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಳ್ಳುವುದು ಅಂತ ಒಪ್ಪಂದ ಆಯಿತು. ಏನು ಬೇಕು ಅಂತ ಅವರು ಹೇಳುವುದು, ಎಷ್ಟು ಸಾಧ್ಯ ಅಂತ ನಾವು ಹೇಳುವುದು. ಎರಡೂ ಬೇಕು, ಮಾರಾಯ್ರೆ.

ಬರೆದಿಡಲು ಒಂದು ಸುಲಭದ ಅಳತೆ ಉಂಟು. 1995ರಲ್ಲಿ ಕೆನಡಾದಲ್ಲಿ ಪ್ರಕಟವಾದದ್ದು, ಹೆಸರು ಪೇಷಂಟ್ ಸ್ಪೆಸಿಫಿಕ್ ಫಂಕ್ಷನಲ್ ಸ್ಕೇಲ್. ಕಷ್ಟವಾಗುತ್ತಿರುವ ಮೂರರಿಂದ ಐದು ಕೆಲಸಗಳನ್ನು ಪೇಷಂಟೇ ಹೇಳಬೇಕು. ಪ್ರತಿಯೊಂದಕ್ಕೂ ಅವರೇ ಅಂಕ ಕೊಡಬೇಕು. ಮಾಡಲು ಆಗುವುದೇ ಇಲ್ಲ ಅಂದರೆ 0, ಮೊದಲಿನ ಹಾಗೆ ಆಗುತ್ತದೆ ಅಂದರೆ 10. ಕೆಲವು ವಾರ ಬಿಟ್ಟು ಮತ್ತೆ ಕೇಳುವುದು. ಸರಾಸರಿ ಎರಡು ಅಂಕವಾದರೂ ಏರಿದರೆ ನಿಜವಾಗಿ ಸುಧಾರಿಸಿದೆ ಅಂತ ತಿಳಿಯಬಹುದು. ಐದೇ ನಿಮಿಷದ ಕೆಲಸ, ಅಕ್ಷರ ಬಾರದವರ ಹತ್ರವೂ ಮಾತಿನಲ್ಲೇ ಮಾಡಬಹುದು. ಮನೆಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿದ್ದರೆ ಅದರಲ್ಲೇ ಕೇಳಿಸಿ. ಆಸ್ಪತ್ರೆಯ ಕನ್ನಡಕ್ಕೆ ಹಲವರು ಬರೀ "ಹಾಂ, ಹೂಂ" ಅನ್ನುತ್ತಾರೆ.

ಇಷ್ಟೆಲ್ಲ ಹೇಳಿದರೂ ಇದನ್ನು ಮಂತ್ರದ ಹಾಗೆ ಮಾರುವುದು ನನಗೆ ಇಷ್ಟವಿಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟು ಸೇರಿಸಿ ಪರಿಶೀಲಿಸುವ ಕಾಕ್ರೇನ್ ಎಂಬ ಸಂಸ್ಥೆಯವರು 2015ರಲ್ಲಿ ರಿಹ್ಯಾಬ್‌ನಲ್ಲಿ (ಕಾಯಿಲೆ, ಆಪರೇಷನ್ ಆದ ಮೇಲೆ ಚೇತರಿಸಿಕೊಳ್ಳುವ ಚಿಕಿತ್ಸೆಯಲ್ಲಿ) ಗುರಿ ಇಡುವುದರ ಬಗ್ಗೆ 39 ಅಧ್ಯಯನಗಳನ್ನು ಒಟ್ಟಿಗೆ ನೋಡಿದ್ದರು. ಜೀವನದ ಗುಣಮಟ್ಟಕ್ಕೆ, ತನ್ನಿಂದ ಆಗುತ್ತದೆ ಎಂಬ ಧೈರ್ಯಕ್ಕೆ ಸ್ವಲ್ಪ ಸಹಾಯ ಆಗಬಹುದು, ಆದರೆ ಪುರಾವೆ ಅಷ್ಟು ಗಟ್ಟಿ ಇಲ್ಲ ಅಂತ ಅವರ ತೀರ್ಮಾನ. ಗುರಿ ಬರೆದ ಮಾತ್ರಕ್ಕೆ ಗಂಟು ಬೇಗ ಮಡಚುವುದಿಲ್ಲ.

ಈಗ ನಿಮ್ಮ ಪಾಲಿನ ಕೆಲಸ. ಮುಂದಿನ ಸಲ ಹೋದಾಗ ಅಮ್ಮನ ಪರವಾಗಿ ನೀವು ಉತ್ತರ ಕೊಡಬೇಡಿ. ನಮ್ಮಲ್ಲಿ ಇದು ತುಂಬ ಉಂಟು. ನಾನು ಅಮ್ಮನನ್ನು ಕೇಳಿದರೆ ಮಗ ಹೇಳುತ್ತಾನೆ: "ಅವರಿಗೆ ಏನೂ ಬೇಡ, ಮನೆಯಲ್ಲಿ ಆರಾಮ ಕೂತರೆ ಸಾಕು." ಪಂಪ್ ಇರುವಾಗ ಬಾವಿಯಿಂದ ನೀರು ಸೇದುವುದು ಯಾಕೆ ಅಂತ ನಿಮಗೆ ಅನ್ನಿಸಬಹುದು. ಅವರಿಗೆ ಅದೇ ಬೇಕಾಗಿರಬಹುದು. ಒಪ್ಪದಿದ್ದರೆ ಅವರೆದುರೇ ಹೇಳಿ, ಮೂವರೂ ಮಾತಾಡಿ. ಅಮ್ಮ "ನೀವೇ ಹೇಳಿ ಡಾಕ್ಟ್ರೇ" ಅಂದರೂ ತಪ್ಪಿಲ್ಲ. ಥೆರಪಿಸ್ಟ್ ಎರಡು ಮೂರು ಆಯ್ಕೆ ಮುಂದಿಡಲಿ, ಮುಂದಿನ ವಾರ ಮತ್ತೆ ಕೇಳಲಿ.

ಹೋಗುವ ಮೊದಲು ಮನೆಯನ್ನು ಒಂದು ಸುತ್ತು ನೋಡಿ. ಜಗಲಿಗೆ ಎಷ್ಟು ಮೆಟ್ಟಿಲು, ಟಾಯ್ಲೆಟ್ ಯಾವ ತರಹದ್ದು, ಮಳೆಗಾಲದಲ್ಲಿ ಅಂಗಳ ಪಾಚಿ ಕಟ್ಟುತ್ತದಾ. ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ನೆಲದಲ್ಲಿ ಕೂರುವುದು, ಮಂಡಿಯೂರುವುದು ಈ ಎರಡರ ಬಗ್ಗೆ ಸರ್ಜನ್ ಹತ್ರ ಕೇಳಿ, ಅವರು ಹೇಳಿದ್ದನ್ನು ಡಿಸ್ಚಾರ್ಜ್ ಸಮ್ಮರಿ ಜೊತೆ ಫಿಸಿಯೋಥೆರಪಿಸ್ಟ್‌ಗೆ ಕೊಡಿ.