ಅಂಬಾಸಿಡರ್ ತಳಕ್ಕೆ ಮೊದಲು ಬ್ಲೇಡು, ಆಮೇಲೆ ಅಂಟು

ಸರ್, ನಿಮ್ಮ ಫೋಟೋ ನೋಡಿದೆ. ಬಿಳಿ ಪೇಂಟು, ಬಂಪರ್ ಎಲ್ಲಾ ಚೆನ್ನಾಗಿ ಬಂದಿದೆ. 1:24 ಅಳತೆಯ (ನಿಜದ ಗಾಡಿಯ 24ನೇ ಒಂದು ಭಾಗ) ಅಂಬಾಸಿಡರ್ ಕಾರಿನ ಮಾಡೆಲನ್ನು ಕನ್ನಡಿ ಮೇಲೆ ಇಟ್ಟರೆ ತಳ ಮಾತ್ರ ಆಟದ ಸಾಮಾನಿನ ಹಾಗೆ ಕಾಣುತ್ತದೆ, ಇನ್ನೂ ಏನೇನು ಅಂಟಿಸಬೇಕು ಅಂತ ಕೇಳಿದ್ದೀರಿ. ನನ್ನ ಉತ್ತರ ಸ್ವಲ್ಪ ಉಲ್ಟಾ. ಅಂಟಿಸುವುದು ಆಮೇಲೆ, ಮೊದಲು ಕೆತ್ತಿ ತೆಗೆಯಿರಿ.

ನಿಮ್ಮ ಮಾಡೆಲ್‌ನಲ್ಲಿ ಸೈಲೆನ್ಸರ್ ಪೈಪು, ಪ್ರೊಪೆಲರ್ ಶಾಫ್ಟು (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ, ತಿರುಗುವ ದಂಡ) ಎರಡೂ ತಳದ ಪ್ಲಾಸ್ಟಿಕ್ಕಿನಲ್ಲೇ ಉಬ್ಬಿಕೊಂಡಿವೆ. ನಿಜವಾದ ಗಾಡಿಯಲ್ಲಿ ಅವು ನೇತಾಡುತ್ತವೆ. ಪೈಪಿಗೂ ನೆಲದ ತಗಡಿಗೂ ನಡುವೆ ಬೆರಳು ಹೋಗುವಷ್ಟು ಜಾಗ ಇರುತ್ತದೆ, ಅಲ್ವಾ? ನಮ್ಮ ಅಳತೆಯಲ್ಲಿ ಅದು ಬರೀ 1 ಮಿ.ಮೀ. ಆ ಸಂದಿಯ ನೆರಳೇ ಕಣ್ಣನ್ನು ನಂಬಿಸುವುದು. ಎಷ್ಟು ಕಪ್ಪು ಬಳಿದರೂ ಆ ನೆರಳು ಬರುವುದಿಲ್ಲ. ಹಾಗಾಗಿ ಉಬ್ಬುಗಳನ್ನು ಬ್ಲೇಡಿನಲ್ಲಿ ಹೆರೆದು, 400 ನಂಬರ್ ಎಮರಿ ಪೇಪರ್ ಹಾಕಿ ಸಪಾಟು ಮಾಡಿ.

ಅದಕ್ಕೂ ಮುಂಚೆ ಸ್ಕೇಲ್ ನಿಜಾನಾ ನೋಡಿಕೊಳ್ಳಿ. ಡಬ್ಬಿ ಮೇಲಿನ ನಂಬರ್ ನಂಬಬೇಡಿ. ಅಂಬಾಸಿಡರ್‌ನ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 2464 ಮಿ.ಮೀ. ನಿಮ್ಮದರಲ್ಲಿ 103 ಮಿ.ಮೀ. ಹತ್ತಿರ ಬಂದರೆ 1:24 ಸರಿ. ಇಲ್ಲದಿದ್ದರೆ ಕೆಳಗಿನ ಅಳತೆಗಳನ್ನೆಲ್ಲ ಬದಲಿಸಿಕೊಳ್ಳಬೇಕು.

ಇನ್ನೊಂದು, ಲಾರಿಗೆ ಇರುವ ಹಾಗೆ ಉದ್ದಕ್ಕೆ ಎರಡು ಚಾಸಿ ಪಟ್ಟಿ ಹಾಕಲು ಹೋಗಬೇಡಿ. ಈ ಗಾಡಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಮುಂದೆ ಕಾಯಿಲ್ ಸ್ಪ್ರಿಂಗೂ ಇಲ್ಲ. ಅದರ ಬದಲು ಟಾರ್ಷನ್ ಬಾರ್, ಅಂದರೆ ಮುಂಚಕ್ರದ ಕೆಳಗಿನ ಆರ್ಮ್‌ನಿಂದ ಹಿಂದಕ್ಕೆ ನೇರ ಹೋಗುವ ಕಂಬಿ. ಎರಡು ಕಡೆ 1 ಮಿ.ಮೀ. ಸ್ಟೀಲ್ ತಂತಿ ಕೂರಿಸಿ, ಸಾಕು.

ಜಾಸ್ತಿ ಸಮಯ ಹಿಂದಿನ ಕಮಾನು ಪಟ್ಟಿಗೆ (ಲೀಫ್ ಸ್ಪ್ರಿಂಗ್) ಕೊಡಿ. ಕನ್ನಡಿಯಲ್ಲಿ ಮೊದಲು ಕಾಣುವುದು ಅದೇ. ಹಳೇ ಎಕ್ಸ್‌ರೇ ಫಿಲ್ಮ್ ಮನೆಯಲ್ಲಿ ಬಿದ್ದಿರುತ್ತದೆ, ಅದು ಸುಮಾರು 0.2 ಮಿ.ಮೀ. ದಪ್ಪ. 24ರಿಂದ ಗುಣಿಸಿದರೆ 5 ಮಿ.ಮೀ. ಹತ್ತಿರ, ಪಟ್ಟಿಗೆ ಹೇಳಿ ಮಾಡಿಸಿದ ದಪ್ಪ. ಎಮರಿಯಿಂದ ಎರಡೂ ಕಡೆ ಉಜ್ಜಿ, 2 ಮಿ.ಮೀ. ಅಗಲಕ್ಕೆ ಕತ್ತರಿಸಿ. ಒಂದಕ್ಕಿಂತ ಒಂದು ಗಿಡ್ಡ ಮಾಡಿ, ಐದು ಎಲೆ ಜೋಡಿಸಿ. ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟಿಗೆ 0.5 ಮಿ.ಮೀ. ತಂತಿ. ಮುಂದಿನ ತುದಿ ನೇರವಾಗಿ ಬಾಡಿಗೆ, ಹಿಂದಿನ ತುದಿ ಮಾತ್ರ ಶಾಕಲ್‌ನಲ್ಲಿ, ಅಂದರೆ ಓಲಾಡುವ ಸಣ್ಣ ಕೊಂಡಿಯಲ್ಲಿ, ತೂಗಬೇಕು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ನಾನೂ ಮಾಡಿದ್ದೇನೆ. ಗ್ಯಾರೇಜಿನಲ್ಲಿ ಜಾಕ್ ಮೇಲೆ ಎತ್ತಿದ ಗಾಡಿಯ ಫೋಟೋ ನೋಡಿ ಪಟ್ಟಿಯನ್ನು ಬಿಲ್ಲಿನ ಹಾಗೆ ಬಗ್ಗಿಸಿಬಿಡುತ್ತೇವೆ. ಚಕ್ರದ ಮೇಲೆ ನಿಂತ ಗಾಡಿಯಲ್ಲಿ ಭಾರ ಬಿದ್ದು ಅದು ಬಹುಪಾಲು ಚಪ್ಪಟೆಯಾಗಿರುತ್ತದೆ. ಫೋಟೋ ಬೇಕಿದ್ದರೆ ಪಿಟ್ ಇರುವ ಗ್ಯಾರೇಜಿಗೆ ಹೋಗಿ ಕೆಳಗಿಳಿದು ತೆಗೆದುಕೊಳ್ಳಿ. ಟೀ ಕುಡಿಸಿದರೆ ಮೆಕ್ಯಾನಿಕ್ ತಾನೇ ಲೈಟು ಹಿಡಿಯುತ್ತಾನೆ.

ಸೈಲೆನ್ಸರ್ ಪೈಪಿಗೆ 16 ಗೇಜಿನ ಸೋಲ್ಡರಿಂಗ್ ಲೆಡ್. 1.6 ಮಿ.ಮೀ. ದಪ್ಪ, ನಿಜದ ಲೆಕ್ಕದಲ್ಲಿ ಸುಮಾರು 39 ಮಿ.ಮೀ. ಕೈಯಲ್ಲೇ ಬಗ್ಗುತ್ತದೆ, ಮುರಿಯುವುದಿಲ್ಲ. ಹಿಂದಿನ ಆಕ್ಸಲ್ ಹತ್ತಿರದ ಬಳುಕು ಇದರಲ್ಲಿ ಬಂದಷ್ಟು ಚೆನ್ನಾಗಿ ಬೇರೆ ಯಾವುದರಲ್ಲೂ ಬರುವುದಿಲ್ಲ. ಕೆಲಸ ಆದ ಮೇಲೆ ಕೈ ತೊಳೆಯಿರಿ, ಸೀಸ ಅದು. ಸೈಲೆನ್ಸರ್ ಡಬ್ಬಿಗೆ ಎಂ-ಸೀಲ್ ಕಲಸಿ ಪೈಪಿನ ಸುತ್ತ ಮೆತ್ತಿ, ಸ್ಕೇಲಿನಿಂದ ಮೆಲ್ಲಗೆ ಒತ್ತಿ ಮೊಟ್ಟೆಯಾಕಾರ ಮಾಡಿ. ಗಟ್ಟಿಯಾದ ಮೇಲೆ ಅರ ಹಾಕಿ. ಪೈಪಿನ ಬಾಯಿ ಮಾತ್ರ ಪಿನ್ ಡ್ರಿಲ್ಲಿನಲ್ಲಿ ಕೊರೆಯಲೇಬೇಕು, ಬಾಯಿ ಮುಚ್ಚಿದ ಪೈಪು ಮಾನ ಕಳೆಯುತ್ತದೆ.

ಪ್ರೊಪೆಲರ್ ಶಾಫ್ಟಿಗೆ ಹಲ್ಲುಕಡ್ಡಿ, 2 ಮಿ.ಮೀ. ಮರದ ಗೆರೆ ಮುಚ್ಚಲು ಫೆವಿಕ್ವಿಕ್ ಸವರಿ ಉಜ್ಜಿ. ಬ್ರೇಕ್ ಪೈಪಿಗೆ ಫ್ಲೆಕ್ಸಿಬಲ್ ವೈರಿನ ಒಳಗಿನ ಒಂದೇ ಒಂದು ತಾಮ್ರದ ಎಳೆ. ಅದೂ 0.2 ಮಿ.ಮೀ., ನಿಜವಾದ ಬ್ರೇಕ್ ಪೈಪಿನ ಅಳತೆಗೆ ಕೂದಲೆಳೆಯಷ್ಟೇ ವ್ಯತ್ಯಾಸ.

ಈ ಫೆವಿಕ್ವಿಕ್ ಕೆಲಸ ಮಾಡುವಾಗ ತಳವನ್ನು ಬಾಡಿಗೆ ಸ್ಕ್ರೂ ಮಾಡಿರಬೇಡಿ. ನಾನು ಸೋಮಾರಿತನ ಮಾಡಿ ಹಾಗೇ ಅಂಟಿಸಿದೆ. ಬೆಳಗ್ಗೆ ನೋಡಿದರೆ ಒಳಗೆ ಅಂಟಿನ ಹೊಗೆ ಕೂತು ಗಾಜುಗಳೆಲ್ಲ ಬೆಳ್ಳಗೆ, ಮಂಜು ಬಿದ್ದ ಹಾಗೆ. ಆ ಗಾಡಿ ಈಗಲೂ ಕಪಾಟಿನಲ್ಲಿ ಬೆನ್ನು ತಿರುಗಿಸಿ ನಿಂತಿದೆ.

ಬಣ್ಣದ ವಿಷಯ. ತಳಕ್ಕೆ ಅಚ್ಚ ಕಪ್ಪು ಬೇಡ, ಕಪ್ಪಿಗೆ ಸ್ವಲ್ಪ ಕಂದು, ಬೂದು ಬೆರೆಸಿ ಮಂಕು ಮಾಡಿ. ಅಂಡರ್‌ಕೋಟಿಂಗ್ (ತುಕ್ಕು ಹಿಡಿಯದಂತೆ ತಳಕ್ಕೆ ಬಳಿಯುವ ದಪ್ಪ ಲೇಪ) ತರಹ ಒರಟು ಬೇಕಾದರೆ ಪೇಂಟಿಗೆ ಚಿಟಿಕೆ ಟಾಲ್ಕಮ್ ಪೌಡರ್. ಧೂಳಿಗೆ ಅಂತ ಹೊಲದ ಮಣ್ಣು ತರಬೇಡಿ. ಎಷ್ಟು ಜರಡಿ ಹಿಡಿದರೂ 0.1 ಮಿ.ಮೀ.ನ ಕಣ ಇಲ್ಲಿ 2.4 ಮಿ.ಮೀ. ಕಲ್ಲಾಗಿ ಕಾಣುತ್ತದೆ. ಗ್ರಂದಿಗೆ ಅಂಗಡಿಯಲ್ಲಿ ರಂಗೋಲಿ ಅಂಚಿಗೆ ಕೊಡುವ ಕಾವಿ ಪುಡಿ ನುಣ್ಣಗಿರುತ್ತದೆ, ಕೆಮ್ಮಣ್ಣಿನ ರಸ್ತೆಯ ಗಾಡಿಗೆ ಅದೇ ಸಾಕು. ಗದಗ, ಧಾರವಾಡದ ಕಪ್ಪು ಮಣ್ಣಿನ ಕಡೆ ಓಡಿದ ಗಾಡಿ ಅಂದುಕೊಂಡರೆ ಬೂದುಗಪ್ಪು ಪೇಸ್ಟಲ್ ಚಾಕ್ ಉಜ್ಜಿ.

ಪುಡಿಯನ್ನು ಎಲ್ಲ ಕಡೆ ಸಮನಾಗಿ ಸುಮ್ನೆ ಎರಚಬೇಡಿ. ಚಕ್ರದ ಹಿಂದೆ, ಕಮಾನು ಪಟ್ಟಿಯ ಮುಂದಿನ ತುದಿಯಲ್ಲಿ ಜಾಸ್ತಿ. ಗೇರ್‌ಬಾಕ್ಸ್, ಆಯಿಲ್ ಸಂಪ್ ಸುತ್ತ ಒದ್ದೆ ಕಪ್ಪು, ಸ್ವಲ್ಪ ಹೊಳಪು. ಶಾಫ್ಟಿನ ಕ್ರಾಸ್ (ಶಾಫ್ಟು ಬಾಗಲು ಬಿಡುವ ಕೀಲು) ಇರುವ ಕಡೆ, ಅದರ ನೇರ ಮೇಲೆ ತಗಡಿಗೆ ಅಡ್ಡವಾಗಿ ತೆಳ್ಳಗೆ ಒಂದು ಗ್ರೀಸ್ ಗೆರೆ ಎಳೆಯಿರಿ. ಕ್ರಾಸ್ ತಿರುಗುವಾಗ ಗ್ರೀಸ್ ಸಿಡಿದು ಅಲ್ಲೇ ಕೂರುತ್ತದೆ. ಪಿಟ್ ಇಳಿದು ನೋಡಿದವರಿಗೆ ಮಾತ್ರ ಗೊತ್ತಾಗುವ ಗುರುತು ಅದು.

ಸೈಲೆನ್ಸರ್ ಮತ್ತು ಶಾಫ್ಟು ಅಂಟಿಸುವ ಮುಂಚೆ ಬ್ಲೂ ಟ್ಯಾಕ್‌ನಲ್ಲಿ (ಕಿತ್ತು ತೆಗೆಯಬಹುದಾದ ಮೆತ್ತನೆ ಅಂಟು) ಹಿಡಿಸಿ, ಪಕ್ಕದಿಂದ ಒಂದು ಫೋಟೋ ಹಾಕಿ. ನೆಲದಿಂದ ಎತ್ತರ ನೋಡಿ ಹೇಳುತ್ತೇನೆ.