ಓದುಗರ ಪ್ರಶ್ನೆ: ಕಡಲಾಳದ ಬಿಸಿಯನ್ನು ಅಳೆಯುವುದು ಹೇಗೆ?

ಪ್ರಶ್ನೆ: ಹವಾಮಾನ ಬದಲಾವಣೆಯನ್ನು ಅರಿಯಲು ಸಾಗರಗಳಲ್ಲಿ ಸಾವಿರಾರು ಯಂತ್ರಗಳನ್ನು ತೇಲಿಬಿಟ್ಟಿದ್ದಾರೆಂದು ಓದಿದೆ. ನಾವು ಬದುಕುವುದು ಗಾಳಿಯಲ್ಲಿ. ಗಾಳಿಯ ಉಷ್ಣಾಂಶವನ್ನು ಅಳೆದರೆ ಸಾಲದೇ?

ಉತ್ತರ: ಸಾಲದು. ಹಸಿರುಮನೆ ಅನಿಲಗಳಿಂದಾಗಿ ಭೂಮಿಯಲ್ಲಿ ಉಳಿದುಕೊಳ್ಳುತ್ತಿರುವ ಹೆಚ್ಚುವರಿ ಶಾಖದಲ್ಲಿ ಶೇಕಡಾ 90ಕ್ಕೂ ಹೆಚ್ಚು ಪಾಲು ಸಾಗರವನ್ನು ಸೇರುತ್ತದೆ. ಉಳಿದದ್ದರಲ್ಲಿ ಬಹುಪಾಲು ನೆಲವನ್ನು ಬಿಸಿ ಮಾಡುವುದಕ್ಕೂ ಹಿಮವನ್ನು ಕರಗಿಸುವುದಕ್ಕೂ ಖರ್ಚಾಗಿ, ಗಾಳಿಯ ಪಾಲಿಗೆ ಬರುವುದು ಶೇಕಡಾ ಒಂದರ ಆಸುಪಾಸು ಮಾತ್ರ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು, ಅಷ್ಟೇ ತೂಕದ ಗಾಳಿಗೆ ಬೇಕಾಗುವುದರ ನಾಲ್ಕು ಪಟ್ಟು ಶಾಖ ಬೇಕು. ಇಡೀ ವಾಯುಮಂಡಲವನ್ನು ಒಂದು ಡಿಗ್ರಿ ಬಿಸಿ ಮಾಡುವಷ್ಟು ಶಾಖವನ್ನು ಸಾಗರದ ಮೇಲಿನ ಸುಮಾರು ಮೂರೂವರೆ ಮೀಟರ್ ನೀರು ಅದೇ ಒಂದು ಡಿಗ್ರಿಯ ಏರಿಕೆಯಲ್ಲಿ ಹೀರಿಕೊಂಡುಬಿಡುತ್ತದೆ. ಸಾಗರದ ಸರಾಸರಿ ಆಳವೋ 3,700 ಮೀಟರ್‌ನಷ್ಟಿದೆ. ಪೆಸಿಫಿಕ್ ಸಾಗರದ ಮೇಲ್ಮೈ ಮಾಮೂಲಿಗಿಂತ ಬೆಚ್ಚಗಾಗುವ ಎಲ್ ನಿನೊ ಬಂದ ವರ್ಷ ಗಾಳಿಯ ಉಷ್ಣಾಂಶ ಜಿಗಿಯುತ್ತದೆ, ಅದು ತಂಪಾಗುವ ಲಾ ನಿನಾ ಬಂದಾಗ ತುಸು ಇಳಿಯುತ್ತದೆ. ಈ ಏರಿಳಿತವನ್ನಷ್ಟೇ ನೋಡುತ್ತ ಕುಳಿತರೆ ಲೆಕ್ಕ ತಪ್ಪುತ್ತದೆ. ಭೂಮಿಗೆ ಬಂದ ಶಾಖವೆಷ್ಟು, ಹೋದದ್ದೆಷ್ಟು ಎಂಬುದರ ನಿಜವಾದ ಜಮಾಖರ್ಚು ಇರುವುದು ನೀರಿನಲ್ಲಿ.

ಪ್ರಶ್ನೆ: ಈ ಯಂತ್ರಗಳು ಬರೀ ನೀರಿನ ಮೇಲೆ ತೇಲುತ್ತವೆಯೇ, ಅಥವಾ ಮುಳುಗುತ್ತವೆಯೇ? ಮುಳುಗಿದರೆ ಮತ್ತೆ ಮೇಲೆ ಬರುವುದು ಹೇಗೆ?

ಉತ್ತರ: ಎರಡು ಬಗೆಯವೂ ಇವೆ. ಮೇಲ್ಮೈಯಲ್ಲೇ ತೇಲುತ್ತ, 15 ಮೀಟರ್ ಆಳದಲ್ಲಿ ಇಳಿಬಿಟ್ಟ ಬಟ್ಟೆಯ ಉದ್ದನೆಯ ಕೊಳವೆಯೊಂದರ ನೆರವಿನಿಂದ ಗಾಳಿಯ ಸೆಳೆತಕ್ಕಿಂತ ಹೆಚ್ಚಾಗಿ ನೀರಿನ ಹರಿವನ್ನೇ ಅನುಸರಿಸುವ ತೇಲುಗಳು ಒಂದು ಬಗೆ. ನೀವು ಕೇಳುತ್ತಿರುವುದು ಇನ್ನೊಂದು ಬಗೆಯದು, ಅಂದರೆ ಆರ್ಗೊ ಫ್ಲೋಟ್. ಸುಮಾರು 30 ದೇಶಗಳು ಸೇರಿ ನಡೆಸುತ್ತಿರುವ ಆರ್ಗೊ ಯೋಜನೆಯ ಫ್ಲೋಟ್‌ಗಳು 2000ದ ಹೊತ್ತಿಗೆ ನೀರಿಗಿಳಿಯತೊಡಗಿದವು. 2007ರ ನವೆಂಬರ್‌ನಲ್ಲಿ ಅವುಗಳ ಸಂಖ್ಯೆ ಗುರಿಯಾಗಿದ್ದ 3,000ವನ್ನು ಮುಟ್ಟಿತು. ಈಗ 4,000ದ ಹತ್ತಿರದಲ್ಲಿದೆ.

ನೋಡುವುದಕ್ಕೆ ಇದು ಆಳೆತ್ತರದ ಒಂದು ಕೊಳವೆ. ತುದಿಯಲ್ಲಿ ಆಂಟೆನಾ, ಅದರ ಪಕ್ಕದಲ್ಲಿ ಉಷ್ಣಾಂಶ, ಲವಣಾಂಶ ಮತ್ತು ಒತ್ತಡವನ್ನು ಅಳೆಯುವ ಸಂವೇದಕಗಳು, ಬುಡದಲ್ಲಿ ರಬ್ಬರಿನ ಚೀಲ. ಇದಕ್ಕೆ ರೆಕ್ಕೆಯೂ ಇಲ್ಲ, ತಿರುಗುವ ಚಕ್ರವೂ ಇಲ್ಲ. ಒಳಗಿನ ಪಂಪು ಒಂದು ಲೋಟದಷ್ಟು ಎಣ್ಣೆಯನ್ನು ಹೊರಗಿನ ಚೀಲಕ್ಕೆ ತಳ್ಳಿದರೆ ತೂಕ ಹೆಚ್ಚದೆ ಗಾತ್ರ ಮಾತ್ರ ಹಿಗ್ಗುತ್ತದೆ, ಸುತ್ತಲಿನ ನೀರಿಗಿಂತ ಸಾಂದ್ರತೆ ಕಡಿಮೆಯಾಗಿ ಫ್ಲೋಟ್ ಏರತೊಡಗುತ್ತದೆ. ಎಣ್ಣೆಯನ್ನು ಒಳಕ್ಕೆಳೆದುಕೊಂಡರೆ ಇಳಿಯುತ್ತದೆ. ಈ ಸರಳತೆಯೇ ಇದರ ಹೆಚ್ಚುಗಾರಿಕೆ ಎಂದು ನನಗನ್ನಿಸುತ್ತದೆ. ಮೊದಲು 1,000 ಮೀಟರ್ ಆಳಕ್ಕೆ ಇಳಿದು, ಅಲ್ಲಿನ ಪ್ರವಾಹ ಕೊಂಡೊಯ್ದ ಕಡೆಗೆ ಒಂಬತ್ತು ದಿನ ಸುಮ್ಮನೆ ಸಾಗುತ್ತದೆ. ಬಳಿಕ 2,000 ಮೀಟರ್‌ಗೆ ಇಳಿದು, ಅಲ್ಲಿಂದ ಸುಮಾರು ಆರು ಗಂಟೆ ಮೇಲೇರುತ್ತ ಹಂತ ಹಂತವಾಗಿ ಅಳತೆ ಮಾಡುತ್ತದೆ. ಮೇಲ್ಮೈಗೆ ಇನ್ನು ಐದು ಮೀಟರ್ ಇರುವಾಗ ಲವಣಾಂಶದ ಸಂವೇದಕಕ್ಕೆ ನೀರನ್ನು ಹಾಯಿಸುವ ಪುಟ್ಟ ಪಂಪು ನಿಲ್ಲುತ್ತದೆ, ಏಕೆಂದರೆ ಮೇಲ್ಮೈಯ ಜಿಡ್ಡು ಒಳಹೊಕ್ಕರೆ ಮುಂದಿನ ಅಳತೆಗಳೆಲ್ಲ ಕೆಡುತ್ತವೆ. ನೀರಿನಿಂದ ಆಂಟೆನಾ ಹೊರಬಂದೊಡನೆ ಉಪಗ್ರಹಕ್ಕೆ ಅಂಕಿಗಳನ್ನು ಕಳಿಸಿ ಮತ್ತೆ ಮುಳುಗುತ್ತದೆ. ಹತ್ತು ದಿನಕ್ಕೊಮ್ಮೆ ಹೀಗೆ, ಬ್ಯಾಟರಿ ಇರುವ ನಾಲ್ಕೈದು ವರ್ಷ. ಎರಡು ಬಾರಿ ಮೇಲೆ ಬಂದ ಸ್ಥಳಗಳ ನಡುವಿನ ಅಂತರದಿಂದ ಸಾವಿರ ಮೀಟರ್ ಆಳದ ಪ್ರವಾಹದ ವೇಗ ಮತ್ತು ದಿಕ್ಕು ತಿಳಿಯುವುದು ಇದರ ಇನ್ನೊಂದು ಲಾಭ.

ನಡುನೀರಿನಲ್ಲಿ ನಿಲ್ಲುವ ಫ್ಲೋಟ್‌ನ ಕಲ್ಪನೆ ಹಳೆಯದು. ಇಂಗ್ಲೆಂಡಿನ ಜಾನ್ ಸ್ವಾಲೊ 1955ರಲ್ಲಿ ಅಲ್ಯೂಮಿನಿಯಂ ಕೊಳವೆಗಳಿಂದ ಇಂಥದೊಂದನ್ನು ಮಾಡಿದ್ದರು. ಆಳದ ಒತ್ತಡಕ್ಕೆ ಲೋಹದ ಕೊಳವೆ ನೀರಿಗಿಂತ ಕಡಿಮೆ ಕುಗ್ಗುವುದರಿಂದ, ಸುತ್ತಲಿನ ನೀರಿನ ಸಾಂದ್ರತೆ ತನ್ನದಕ್ಕೆ ಸಮನಾಗುವ ಆಳಕ್ಕೆ ಹೋದಮೇಲೆ ಅದು ತಾನಾಗಿಯೇ ನಿಲ್ಲುತ್ತದೆ. ಅದು ಹೊರಡಿಸುವ ಸದ್ದನ್ನು ಆಲಿಸುತ್ತ ಹಡಗು ಬೆನ್ನಟ್ಟಬೇಕಿತ್ತು. ಆ ಕೆಲಸವನ್ನು ಇಂದು ಉಪಗ್ರಹ ಹಗುರ ಮಾಡಿದೆ.

ಪ್ರಶ್ನೆ: ಸಾಗರ ತಣ್ಣಗಾಗುತ್ತಿದೆ ಎಂದು ಇದೇ ಫ್ಲೋಟ್‌ಗಳು ಒಮ್ಮೆ ತೋರಿಸಿದ್ದವು ಎಂದು ಗೆಳೆಯರೊಬ್ಬರು ವಾದಿಸುತ್ತಾರೆ. ಹಾಗಿದ್ದರೆ ಇವುಗಳ ಅಂಕಿಗಳನ್ನು ನಂಬುವುದು ಹೇಗೆ?

ಉತ್ತರ: ನಿಮ್ಮ ಗೆಳೆಯರು ಹೇಳುವ ಘಟನೆ ನಡೆದದ್ದು ನಿಜ, ಆದರೆ ಅದರ ಮುಂದಿನ ಭಾಗವನ್ನು ಅವರು ಹೇಳುತ್ತಿಲ್ಲ. 2003ರಿಂದ 2005ರವರೆಗೆ ಸಾಗರದ ಮೇಲ್ಪದರ ಶಾಖವನ್ನು ಕಳೆದುಕೊಂಡಿದೆ ಎಂದು 2006ರಲ್ಲಿ ಒಂದು ಸಂಶೋಧನಾ ಲೇಖನ ಪ್ರಕಟವಾಯಿತು. ಅದೇ ಅವಧಿಯಲ್ಲಿ ಉಪಗ್ರಹಗಳು ಸಮುದ್ರಮಟ್ಟ ಏರುತ್ತಿದೆ ಎನ್ನುತ್ತಿದ್ದವು. ನೀರು ತಣ್ಣಗಾದರೆ ಕುಗ್ಗಬೇಕು, ಮಟ್ಟ ಇಳಿಯಬೇಕು; ಕರಗಿದ ಹಿಮದ ನೀರನ್ನು ಸೇರಿಸಿ ಕೂಡಿದರೂ ಲೆಕ್ಕ ಸರಿಹೋಗುತ್ತಿರಲಿಲ್ಲ. ಲೇಖಕರಲ್ಲೊಬ್ಬರಾದ ಜೋಶ್ ವಿಲ್ಲಿಸ್ ಫ್ಲೋಟ್‌ಗಳ ದತ್ತಾಂಶವನ್ನು ಮತ್ತೆ ಜಾಲಾಡಿದಾಗ, ಒಂದು ಗುಂಪಿನ ಫ್ಲೋಟ್‌ಗಳು ಉಷ್ಣಾಂಶವನ್ನು ಸರಿಯಾಗಿಯೇ ಅಳೆದು, ಅದನ್ನು ತಪ್ಪು ಆಳದ ಎದುರು ಬರೆದಿದ್ದವೆಂದು ಗೊತ್ತಾಯಿತು. ಆಳದ ತಂಪು ನೀರಿನ ಅಂಕಿ ಮೇಲಿನ ನೀರಿನದೆಂದು ದಾಖಲಾದರೆ ಸಾಗರ ತಣ್ಣಗಾದಂತೆಯೇ ಕಾಣುತ್ತದೆ. ಅದರ ಜೊತೆಗೆ, ಹಡಗುಗಳಿಂದ ಬೀಳಿಸುತ್ತಿದ್ದ ಹಳೆಯ ಮಾದರಿಯ ಉಪಕರಣಗಳು ಬೀಳುವ ವೇಗದಿಂದ ಆಳವನ್ನು ಲೆಕ್ಕಹಾಕುವಲ್ಲಿ ಆಗಿದ್ದ ತಪ್ಪು, ಹಿಂದಿನ ಸಾಗರವನ್ನು ಇದ್ದುದಕ್ಕಿಂತ ಬೆಚ್ಚಗೆ ತೋರಿಸಿತ್ತು. ಎರಡನ್ನೂ ಸರಿಪಡಿಸಿದಾಗ ಆ ತಂಪು ಮಾಯವಾಯಿತು. 2007ರಲ್ಲಿ ಲೇಖಕರೇ ತಿದ್ದುಪಡಿಯನ್ನು ಪ್ರಕಟಿಸಿದರು.

ನನ್ನ ದೃಷ್ಟಿಯಲ್ಲಿ ನಂಬಿಕೆಗೆ ಆಧಾರವಾಗುವುದು ಇದೇ. ಆರ್ಗೊ ಅಂಕಿಗಳು ಸಾಮಾನ್ಯವಾಗಿ 24 ಗಂಟೆಯೊಳಗೆ ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತವೆ. ಆಮೇಲೆ ತಜ್ಞರು ಅವನ್ನು ಮರಳಿ ಪರಿಶೀಲಿಸಿ, ಸುಮಾರು ವರ್ಷದ ನಂತರ ತಿದ್ದಿದ ಆವೃತ್ತಿಯನ್ನು ಕೊಡುತ್ತಾರೆ. ಸಾಗರದ ಆಳದಲ್ಲಿ ಬದಲಾವಣೆ ನಡೆಯುವುದು ಡಿಗ್ರಿಯ ನೂರನೆಯ, ಸಾವಿರನೆಯ ಭಾಗಗಳಲ್ಲಿ, ಆದ್ದರಿಂದ ಉಷ್ಣಾಂಶವನ್ನು 0.002 ಡಿಗ್ರಿಯ ಮಟ್ಟಿಗೆ ಅಳೆಯುವ ಸಂವೇದಕವಿದ್ದರೂ ಈ ಮರುಪರಿಶೀಲನೆಯಿಲ್ಲದೆ ಕೆಲಸ ನಡೆಯುವುದಿಲ್ಲ. ಸಮುದ್ರಮಟ್ಟವನ್ನು ಉಪಗ್ರಹ ಅಳೆಯುತ್ತದೆ, ನೀರಿನ ಒಟ್ಟು ರಾಶಿಯನ್ನು ಗುರುತ್ವವನ್ನು ಅಳೆಯುವ ಬೇರೆ ಉಪಗ್ರಹಗಳು ಹೇಳುತ್ತವೆ, ಬಿಸಿಯಿಂದ ಆದ ಹಿಗ್ಗನ್ನು ಫ್ಲೋಟ್‌ಗಳು ತಿಳಿಸುತ್ತವೆ. ಈ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಆಗದಿದ್ದಾಗ ಎಲ್ಲೋ ಒಂದು ಅಳತೆ ತಪ್ಪಿದೆ ಎಂದು ಹುಡುಕಲು ಹೊರಡಬೇಕು.

ಪ್ರಶ್ನೆ: ಬ್ಯಾಟರಿ ಮುಗಿದ ಫ್ಲೋಟ್‌ಗಳನ್ನು ಏನು ಮಾಡುತ್ತಾರೆ? ಅವೂ ಕಡಲಿನ ಕಸವಾಗುವುದಿಲ್ಲವೇ?

ಉತ್ತರ: ಹೆಚ್ಚಿನವು ಕಡಲಿನಲ್ಲೇ ಉಳಿಯುತ್ತವೆ, ಇದನ್ನು ಮುಚ್ಚಿಡುವುದು ಸರಿಯಲ್ಲ. ಜಾಲವನ್ನು ಉಳಿಸಿಕೊಳ್ಳಲು ವರ್ಷಕ್ಕೆ ನೂರಾರು ಹೊಸ ಫ್ಲೋಟ್‌ಗಳನ್ನು ಇಳಿಸಬೇಕಾಗುತ್ತದೆ. ಒಂದೊಂದೂ 20ರಿಂದ 30 ಕಿಲೋ ತೂಗುತ್ತದೆ, ಒಂದರಿಂದೊಂದು ಸುಮಾರು 300 ಕಿಲೋಮೀಟರ್ ದೂರದಲ್ಲಿರುತ್ತದೆ. ಅದನ್ನು ಹುಡುಕಿಕೊಂಡು ಹಡಗು ಹೋದರೆ ಉರಿಯುವ ಇಂಧನದಿಂದಲೇ ಹೆಚ್ಚು ಹಾನಿ. ನದಿಗಳಿಂದ ಕಡಲಿಗೆ ಸೇರುವ ಕಸದ ಮುಂದೆ ಇದರ ಪ್ರಮಾಣ ಅತ್ಯಲ್ಪ. ಹಾಗೆಂದು ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಒಂದೇ ಫ್ಲೋಟ್ ಹೆಚ್ಚು ವರ್ಷ ಬಾಳುವಂತೆ ಮಾಡುವುದು ಸದ್ಯಕ್ಕೆ ಇರುವ ಒಳ್ಳೆಯ ದಾರಿ.

ಪ್ರಶ್ನೆ: ಅಂಟಾರ್ಕ್ಟಿಕದ ಸುತ್ತ ಚಳಿಗಾಲದಲ್ಲಿ ಕಡಲೇ ಹೆಪ್ಪುಗಟ್ಟುತ್ತದಲ್ಲ, ಅಲ್ಲಿ ಫ್ಲೋಟ್ ಮೇಲೆ ಬರುವುದು ಹೇಗೆ?

ಉತ್ತರ: ಬರುವುದಿಲ್ಲ, ಬಂದರೆ ಹಿಮಕ್ಕೆ ಬಡಿದು ಆಂಟೆನಾ ಮುರಿಯುತ್ತದೆ. ಹಡಗುಗಳು ಹೋಗಲು ಹಿಂಜರಿಯುವ ಆ ಕಾಲದ ಅಳತೆಗಳು ಆರ್ಗೊಗೆ ಮೊದಲು ತೀರ ವಿರಳವಾಗಿದ್ದವು, ಹಾಗಾಗಿ ಅಲ್ಲಿಗಾಗಿಯೇ ಫ್ಲೋಟ್‌ಗೆ ಒಂದು ಎಚ್ಚರಿಕೆಯನ್ನು ಕಲಿಸಲಾಗಿದೆ. ಏರುವಾಗ ಮೇಲಿನ ಕೆಲವು ಹತ್ತು ಮೀಟರ್ ನೀರು ಹೆಪ್ಪುಗಟ್ಟುವ ಉಷ್ಣಾಂಶದ ಸಮೀಪದಲ್ಲಿದ್ದರೆ, ತಲೆಯ ಮೇಲೆ ಹಿಮವಿದೆ ಎಂದು ಭಾವಿಸಿ ಅದು ಅಲ್ಲಿಂದಲೇ ಹಿಂದಿರುಗುತ್ತದೆ. ಅಳೆದದ್ದನ್ನು ನೆನಪಿನಲ್ಲಿಟ್ಟುಕೊಂಡು ಮತ್ತೆ ಆಳಕ್ಕಿಳಿಯುತ್ತದೆ, ಹತ್ತು ದಿನದ ಬಳಿಕ ಪುನಃ ಪ್ರಯತ್ನಿಸುತ್ತದೆ. ಹೀಗೆ ತಿಂಗಳುಗಟ್ಟಲೆ ದನಿಯಿಲ್ಲದೆ ಹಿಮದಡಿ ಅಲೆದು, ಹಿಮ ಒಡೆದು ನೀರು ತೆರೆದುಕೊಂಡಾಗ ಮೇಲೆ ಬಂದು, ಇಡೀ ಚಳಿಗಾಲದ ಅಳತೆಗಳನ್ನು ಒಮ್ಮೆಗೇ ಉಪಗ್ರಹಕ್ಕೆ ಒಪ್ಪಿಸುತ್ತದೆ.